ಯಾವಾಗಲೂ ಎಡಗಡೆಯದೇ

ನಾನು ಒಂಬತ್ತು ಸೀಟಿನ ಬಾಡಿಗೆ ವಿಮಾನವೊಂದರ ಎಡ ರೆಕ್ಕೆಯ ಎಂಜಿನ್. ಬಲ ರೆಕ್ಕೆಯವನೂ ನಾನೂ ಒಂದೇ ಕಾರ್ಖಾನೆಯಲ್ಲಿ, ಒಂದೇ ವಾರ ಹುಟ್ಟಿದವರು. ನನ್ನ ಮೈಮೇಲಿನ ನಂಬರಿಗೆ ಒಂದು ಕೂಡಿಸಿದರೆ ಅವನದು. ಹಿರಿಯ ನಾನು, ಹೆಸರು ಮಾತ್ರ ಅವನಿಗೆ.

ಕಾರಣ ಕ್ಯಾಪ್ಟನ್ ಉತ್ತಯ್ಯ. ಬಯಲುಸೀಮೆಯ ನಮ್ಮ ಸಣ್ಣ ನಿಲ್ದಾಣದಲ್ಲಿ, ಒಂದು ಎಂಜಿನ್ ಕೆಟ್ಟರೆ ಹಾರುವುದು ಹೇಗೆಂದು ಹೊಸ ಪೈಲಟ್‌ಗಳಿಗೆ ಕಲಿಸುವವರು ಅವರು. ನಮ್ಮಿಬ್ಬರ ವೇಗ ಏರಿಳಿಸುವ ಲಿವರ್‌ಗಳಿಗೆ ನೋಟ್‌ಬುಕ್ ಅಡ್ಡ ಹಿಡಿದು, ಮರೆಯಲ್ಲಿ ನನ್ನದನ್ನು ಹಿಂದಕ್ಕೆಳೆದು ಉಸಿರು ತಗ್ಗಿಸುತ್ತಿದ್ದರು. ನಾನು ಸತ್ತೆ ಎಂದು ಲೆಕ್ಕ. ಯಾವಾಗಲೂ ನಾನೇ. ನಾನು ನಿಂತರೆ ವಿಮಾನ ಹೆಚ್ಚು ಸೊಟ್ಟಗಾಗುತ್ತದೆ, ಪಾಠ ಗಟ್ಟಿಯಾಗುತ್ತದೆ ಎಂಬುದು ಅವರ ವಾದ. ನನ್ನ ಮಹತ್ವ ತಿಳಿಯಬೇಕಾದರೆ ನಾನು ಸಾಯಬೇಕು. ಬಲಗಡೆಯವನು ಒಬ್ಬನೇ ಗುಡುಗುತ್ತ ವಿಮಾನವನ್ನು ನೆಲಕ್ಕೆ ತರುತ್ತಿದ್ದ. ಇಳಿದವರು ಅವನ ಮೈ ತಟ್ಟಿ ಹೋಗುತ್ತಿದ್ದರು. ಆಯುಧಪೂಜೆಗೆ ಮೆಕ್ಯಾನಿಕ್ ಗದಿಗೆಪ್ಪ ಅವನಿಗೆ ಮಾರುದ್ದದ ಚೆಂಡುಹೂವಿನ ಮಾಲೆ ಹಾಕಿ, ಉಳಿದ ತುಂಡನ್ನು ನನಗೆ ಸಿಕ್ಕಿಸಿ, “ನೀ ಸಾಯೋದ್ರಾಗ ಪಳಗಿದಾಂವ, ನಿನಗ್ಯಾಕಪ್ಪಾ ಹೂವು” ಎಂದ.

ವತ್ಸಲಾ ಹೂಗಾರ ಕಲಿಯಲು ಬಂದಳು. ಉತ್ತಯ್ಯನವರು ಎಳೆಯುವುದು ಯಾವಾಗಲೂ ಎಡಗಡೆಯದೇ ಎಂಬ ಗುಟ್ಟನ್ನು ಹಳಬರು ಕ್ಯಾಂಟೀನಿನಲ್ಲಿ ಅವಳಿಗೆ ಹೇಳಿಕೊಟ್ಟರು. ಅದು ಉತ್ತಯ್ಯನವರ ಕಿವಿಗೂ ಬಿತ್ತು. ಮರುದಿನ ವಿಮಾನ ನೆಲ ಬಿಟ್ಟು ನಾನೂರು ಅಡಿ ಏರಿತ್ತು. ಅಷ್ಟು ಕೆಳಗೆ ಈ ಆಟ ಆಡಬಾರದು. ನೋಟ್‌ಬುಕ್ಕಿನ ಮರೆಯಲ್ಲಿ ಅವರು ಎಳೆದದ್ದು ಬಲಗಡೆಯ ಲಿವರ್.

ಇದಕ್ಕಾಗಿ ಹನ್ನೊಂದು ವರ್ಷ ಕಾದಿದ್ದೆ. ವಿಮಾನ ಬಲಕ್ಕೆ ತಿರುಗಿತು. ವತ್ಸಲಾ ಎಡಗಾಲು ಒತ್ತಿ ಸರಿಯಾಗಿಯೇ ನೇರ ಮಾಡಿದಳು. ಮುಂದಿನ ಹೆಜ್ಜೆ, ಸತ್ತ ಎಂಜಿನ್ ಯಾವುದೆಂದು ಹೇಳಿ ಅದರ ಇಂಧನ ನಿಲ್ಲಿಸುವುದು. ಸತ್ತದ್ದು ಬಲಗಡೆಯದೆಂದು ಕಾಲಿಗೆ ಗೊತ್ತಿತ್ತು; ಕೈ ಕ್ಯಾಂಟೀನಿನ ಮಾತು ಕೇಳಿತು. “ಎಡಗಡೇದು, ಸರ್” ಎನ್ನುತ್ತಲೇ ಚೆನ್ನಾಗಿ ಓಡುತ್ತಿದ್ದ ನನ್ನ ಇಂಧನ ನಿಲ್ಲಿಸಿಬಿಟ್ಟಳು.

ಎರಡೂ ಕಡೆ ಸದ್ದಡಗಿತು. ಕೆಳಗಿನ ಜೋಳದ ಹೊಲ ಮೇಲಕ್ಕೆ ಬರತೊಡಗಿತು. ಕುರಿಗಳ ಕಿವಿ ಕಾಣಿಸಿದವು. “ಕೈ ತೆಗಿಯಮ್ಮ” ಎಂದ ಉತ್ತಯ್ಯ ಬಲಗಡೆಯ ಲಿವರನ್ನು ಪೂರ್ತಿ ಮುಂದಕ್ಕೆ ನೂಕಿದರು. ಅವನು ಕೆಮ್ಮಿದ, ಗುಡುಗಿದ, ವಿಮಾನವನ್ನು ಎತ್ತಿಕೊಂಡ. ಆ ಒಂದು ಗಳಿಗೆ ಅವನು ಗೆಲ್ಲಲಿ ಎಂದು ನಾನೂ ಬೇಡಿಕೊಂಡದ್ದುಂಟು. ಇಳಿದ ಮೇಲೆ ಮತ್ತೆ ಅವನ ಮೈಯನ್ನೇ ತಟ್ಟಿದರು.

ಆಮೇಲೆ ಆ ಪಾಠ ಸಿಮ್ಯುಲೇಟರಿಗೆ ಹೋಯಿತು. ಅದು ಒಂದು ಹನಿ ಎಣ್ಣೆ ಕುಡಿಯದೆ ದಿನಕ್ಕೆ ಇಪ್ಪತ್ತು ಸಲ ಸಾಯುತ್ತದೆ. ಅದಕ್ಕೆ ಎ.ಸಿ. ಬೇರೆ.

ಈಗ ಒಳಭಾಗ ಕಾಣಲೆಂದು ನನ್ನ ಹೊಟ್ಟೆ ಸೀಳಿ, ಬಣ್ಣ ಬಳಿದು ತರಗತಿಯ ಮೂಲೆಯಲ್ಲಿ ನಿಲ್ಲಿಸಿದ್ದಾರೆ. ಒಳಗಿನ ಕಿಚ್ಚು ಯಾರಿಗೂ ಕಂಡಂತಿಲ್ಲ. ಬಲಗಡೆಯವನು ಬೇರೆ ವಿಮಾನದಲ್ಲಿ ಇನ್ನೂ ಹಾರುತ್ತಿದ್ದಾನಂತೆ. ಪಾಠ ಹೇಳುವವಳು ಈಗ ವತ್ಸಲಾ. ಪ್ರತಿ ಹೊಸ ತಂಡದ ಮುಂದೆ ನನ್ನ ಮೇಲೆ ಕೈಯಿಟ್ಟು ಹೇಳುತ್ತಾಳೆ: “ಅವತ್ತು ಇದು ಛಲೋ ಓಡ್ತಿತ್ತು. ಬಂದ್ ಮಾಡಿದಾಕಿ ನಾನು.”

ಬಲಗಡೆಯವನು ಅದನ್ನು ಒಂದು ಸಲವಾದರೂ ಕೇಳಿಸಿಕೊಳ್ಳಬೇಕು.