ದುಂಡಪ್ಪನವರ ಪರವಾಗಿ ಬರೆದ ಕಾಗದ

ದುಂಡಪ್ಪನವರ ಶಿವಗಣಾರಾಧನೆಯ ದಿನ ನುಡಿನಮನಕ್ಕೆ ನಾನು ಮಾತಾಡಬೇಕೆಂದು ಅವರ ಹೆಂಡತಿ ಮುತ್ತವ್ವ ಹೇಳಿಕಳಿಸಿದರು. ಹಿಂದೊಮ್ಮೆ ದುಂಡಪ್ಪನವರ ಪರವಾಗಿ ಕಾಗದ ಬರೆದುಕೊಟ್ಟಿದ್ದೆ, ಅದಕ್ಕೆ. ಅದಕ್ಕೂ ಮೊದಲು ನಾನು ಬರೆದದ್ದು ಇನ್ನೊಂದಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಮಲ್ಲತ್ತಹಳ್ಳಿಯ ನಮ್ಮ ಲೇಔಟಿಗೆ ಇಪ್ಪತ್ತು ವರ್ಷ ಅವರೇ ಪ್ಲಂಬರ್. ಗೋಡೆಗೆ ಕಿವಿಯಿಟ್ಟು ನೀರು ಎಲ್ಲಿ ಸೋರುತ್ತಿದೆಯೆಂದು ಹೇಳುತ್ತಿದ್ದರು. ಬೆಳ್ಳಿ ಎಂಬ ಹೆಣ್ಣುನಾಯಿ ಗೇಟಿನ ಬಳಿ ಅವರ ಸ್ಪ್ಯಾನರ್ ಚೀಲ ಕಾಯುತ್ತಿತ್ತು. ಭಾನುವಾರ ಮಾತ್ರ ಯಾರ ಟ್ಯಾಂಕು ತುಂಬಿ ಹರಿದರೂ ಅವರು ಸಿಗುತ್ತಿರಲಿಲ್ಲ. ನಸುಕಿಗೇ ಬೆಳ್ಳಿಯನ್ನು ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಸಾವನದುರ್ಗದ ಕಾಡಿಗೆ ಹೊರಡುವರು. ಸೋಮವಾರ ಕತೆ ಹೇಳುವರು.

"ಕರಡಿ ಹೆಜ್ಜಿ ನೋಡಿದ್ವಿರಿ ಅಕ್ಕಾರ. ನಾ ಹೆದರಿದೆ, ಇದು ಹೆದರಲಿಲ್ಲ. ಇಬ್ಬರೊಳಗ ಶಾಣ್ಯಾ ಯಾರು ಹೇಳ್ರಿ."

ನನಗೆ ನಾಯಿಯೆಂದರೆ ಭಯ. ಒಂದು ಸಂಜೆ ನನ್ನ ಮಗಳು ಚೈತನ್ಯಾ ಓಡುತ್ತಿದ್ದಾಗ ಬೆಳ್ಳಿಯೂ ಹಿಂದೆ ಓಡಿತು. ಆಟಕ್ಕೆ. ಅವಳು ನಿಂತಾಗ ಅದೂ ನಿಂತಿತು. ಬಾಲ್ಕನಿಯಿಂದ ನೋಡುತ್ತಲೇ ಇದ್ದೆ. ಆದರೂ ನಿವಾಸಿಗಳ ಸಂಘಕ್ಕೆ ಹೆಸರು ಹಾಕದೆ ದೂರು ಬರೆದೆ. "ಮಗುವಿನ ಹಿಂದೆ ಓಡಿತು" ಎಂದು ಬರೆದವಳು, ಸಾಲದು ಅನ್ನಿಸಿ ಹೊಡೆದುಹಾಕಿ, "ಮಗುವಿನ ಮೇಲೆ ಎರಗಿತು" ಎಂದು ಮಾಡಿದೆ.

ವಾರದೊಳಗೆ ದುಂಡಪ್ಪನವರು ಸಂಘದ ನೋಟಿಸು ಹಿಡಿದು ನಮ್ಮ ಮನೆಗೇ ಬಂದರು.

"ಇಂಗ್ಲಿಷಿನಾಗ ಐತಿ. ಓದಿ ಹೇಳ್ರಿ."

ಆ ನಾಯಿಯನ್ನು ಸಾಕಿಕೊಂಡಿರುವವರೆಗೆ ಯಾರೂ ಅವರನ್ನು ಕೆಲಸಕ್ಕೆ ಕರೆಯಬಾರದು ಎಂದಿತ್ತು. ನನ್ನ ಸಾಲೂ ಇಂಗ್ಲಿಷಾಗಿ ಅದರಲ್ಲಿತ್ತು. ಓದಿ ಹೇಳಿದೆ.

"ಕೂಸಿಗೆ ಪೆಟ್ಟಾತೇನ್ರಿ? ಯಾರ ಮನಿದು?"

"ಹೆಸರು ಹಾಕಿಲ್ಲ," ಎಂದೆ.

"ಗೊತ್ತಾದ್ರ ಹೇಳ್ರಿ. ಹೋಗಿ ನೋಡಿ ಬರ್ತೀನಿ."

ಅಂದೇ ಅವರ ಪರವಾಗಿ ಸಂಘಕ್ಕೆ ಕಾಗದ ಬರೆದುಕೊಟ್ಟೆ. ಚೆನ್ನಾಗಿಯೇ ಬರೆದೆ. ಸಂಘ ಒಪ್ಪಲಿಲ್ಲ. ಅವರು ಬೆಳ್ಳಿಯನ್ನು ತಾವರೆಕೆರೆ ಹತ್ತಿರ ಪರಿಚಯದವರ ತೋಟದಲ್ಲಿ ಬಿಟ್ಟರು. ಹಗ್ಗ ಬಿಚ್ಚಿದರೆ ಮನೆಗೇ ಓಡಿಬರುತ್ತದೆಂದು ಕಾಡಿಗೂ ಕರೆದೊಯ್ಯಲಿಲ್ಲ. ಅದು ಬದುಕಿದ್ದಷ್ಟು ದಿನ, ಭಾನುವಾರವೆಲ್ಲ ಅದರ ಪಕ್ಕ ಕೂತು ಬರುತ್ತಿದ್ದರು. ಕಾಗದ ಬರೆದುಕೊಟ್ಟವಳೆಂದು, ನನ್ನ ಮನೆಯ ನಲ್ಲಿ ಸೋರಿದರೆ ಮಾತ್ರ ಉಳಿದ ಕೆಲಸ ಬಿಟ್ಟು ಬರುವರು.

ನುಡಿನಮನಕ್ಕೆ ಮುಂಚೆ ಮುತ್ತವ್ವನನ್ನು ಹಿತ್ತಿಲಲ್ಲಿ ಹುಡುಕಿದೆ. ಹೋಳಿಗೆ ಬುಟ್ಟಿಯ ಮುಂದೆ ಕೂತಿದ್ದರು.

"ಬೆಳ್ಳಿ ಮೇಲೆ ದೂರು ಬರೆದಿದ್ದು ನಾನೇ ಅಮ್ಮ. ಮಗು ನನ್ನದು. ಅವಳಿಗೆ ಏನೂ ಆಗಿರಲಿಲ್ಲ."

ಅವರು ಬುಟ್ಟಿಗೆ ಬಟ್ಟೆ ಮುಚ್ಚಿದರು. "ಸಾಯೂ ಮಟಾ ಆ ಕೂಸಿನ ಮನಿ ಕೇಳ್ತಿದ್ರಲ್ರೀ," ಎಂದರು. ಬೈಯಲಿಲ್ಲ. "ನನಗೊಬ್ಬಾಕಿಗೆ ಯಾಕ ಹೇಳ್ತೀರಿ? ಇವರ ನಾಯಿ ಕೂಸಿಗೆ ಕಚ್ಚಿತ್ತು ಅಂತ ತಿಳಕೊಂಡ ಮಂದಿ ಎಲ್ಲ ಹೊರಗ ಕುಂತಾರ."

ನನ್ನ ಕೈಯಲ್ಲಿ ಎರಡು ಪುಟ ಇತ್ತು. ಶ್ರಮಜೀವಿ, ಪ್ರಾಣಿಪ್ರಿಯರು ಎಂದೆಲ್ಲ ಬರೆದಿದ್ದೆ.

ಶಾಮಿಯಾನದಲ್ಲಿ ದುಂಡಪ್ಪನವರ ಮಗಳು ಶಿಲ್ಪಾ ಮೈಕು ಹಿಡಿದು, "ಅಪ್ಪನ ಪರವಾಗಿ ಕಾಗದ ಬರೆದ ಆಂಟಿ ಈಗ ಮಾತಾಡ್ತಾರೆ," ಎಂದಳು. ಮುಂದಿನ ಸಾಲಿನಲ್ಲಿ ಸಂಘದ ಅಧ್ಯಕ್ಷರು ಏಕಾಂತಯ್ಯನವರಿದ್ದರು. ಪಕ್ಕದಲ್ಲಿ ಚೈತನ್ಯಾ.

"ಆ ದೂರು ಸುಳ್ಳು," ಎಂದೆ. "ಬರೆದವಳು ನಾನು."

"ಕೇಳಿಸ್ಲಿಲ್ಲಮ್ಮ," ಎಂದರು ಏಕಾಂತಯ್ಯನವರು. "ಮೈಕ್ ಹತ್ರ ಹಿಡ್ಕೊಂಡು ಹೇಳಿ."

ಮತ್ತೊಮ್ಮೆ ಹೇಳಬೇಕಾಯಿತು.