ಆಯ್ತದೆ ಅಂದರೆ

ನನಗೆ ಮೊದಲಿನಿಂದಲೂ ಅವಸರ ಜಾಸ್ತಿ. "ಭಾನು, ನಿನ್ನ ಬಾಯಿಗಿಂತ ಪೆನ್ನೇ ಮುಂದೆ ಓಡ್ತದೆ" ಎಂದು ಚಾಮರಾಜನಗರದ ಆಫೀಸಿನಲ್ಲಿ ಆಡಿಕೊಳ್ಳುತ್ತಿದ್ದರು. ಅದನ್ನು ಹೊಗಳಿಕೆ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಲಕ್ವ ಹೊಡೆದವರ ಮನೆಗೆ ಹೋಗಿ, ಏನೇನು ಮಾಡಿಕೊಳ್ಳಬಲ್ಲಿರಿ ಎಂದು ಅವರನ್ನೇ ಕೇಳಿ ಅಂಕ ಹಾಕುವುದು ನನ್ನ ಕೆಲಸ. ನೂರಕ್ಕೆ ಎಂಬತ್ತು ದಾಟಿದರೆ, ಗುಂಡ್ಲುಪೇಟೆಯಿಂದ ವಾರಕ್ಕೆರಡು ಸಲ ಬಂದು ವ್ಯಾಯಾಮ ಮಾಡಿಸುವ ಫಿಸಿಯೋ ಚಂದ್ರಕುಮಾರ್ ಆ ಮನೆಗೆ ಬರುವುದು ನಿಲ್ಲುತ್ತದೆ.

ತೆರಕಣಾಂಬಿಯ ರಾಚಮ್ಮನ ಬಲಗೈ ಆಗ ಅರ್ಧ ಬಿಚ್ಚುತ್ತಿತ್ತು. ಇನ್ನು ಮೂರು ತಿಂಗಳು ಬಿಡದೆ ಮಾಡಿಸಿದರೆ ತನ್ನ ತುತ್ತು ತಾನೇ ಎತ್ತುತ್ತಾಳೆ ಎಂದು ಚಂದ್ರಕುಮಾರ್ ಹೇಳಿದ್ದರು.

"ಸ್ನಾನ ಆಗುತ್ತಾ ರಾಚಮ್ಮ?"

"ಆಯ್ತದೆ ಕಣವ್ವ."

"ಊಟ?"

"ಅದೂ ಆಯ್ತದೆ. ದೇವ್ರು ದೊಡ್ಡೋನು."

"ಸೀರೆ ಉಡೋದು, ತಲೆ ಬಾಚೋದು?"

"ಎಲ್ಲಾ ಆಯ್ತದೆ ಬುಡು."

ಟಿಕ್, ಟಿಕ್, ಟಿಕ್. ಎಂಬತ್ತೆಂಟು. ಗಂಡ ಮಾದಣ್ಣ ಹಿತ್ತಲಲ್ಲಿ ಅವಳ ಸೀರೆ ಒಗೆಯುತ್ತಿದ್ದ. ಕಂಡೂ ಕೇಳಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಚಂದ್ರಕುಮಾರ್ ಅನುಮಾನಪಟ್ಟರು. "ಅವರೇ ಹೇಳಿದ್ದು ಸಾರ್, ನಾನೇನು ಕಥೆ ಕಟ್ಟಿದ್ನಾ?" ಎಂದು ಜಗಳಕ್ಕೇ ನಿಂತೆ.

ಆರು ತಿಂಗಳ ಮೇಲೆ ಎರಡನೇ ಸುತ್ತಿಗೆ ಹೋದೆ. ಮಾದಣ್ಣ ಅವಳನ್ನು ಗೋಡೆಗೆ ಒರಗಿಸಿ, ಮುದ್ದೆ ಮುರಿದು ಬಾಯಿಗಿಡುತ್ತಿದ್ದ. ಅವಳ ಬಲಗೈ ಬೆರಳುಗಳು ಅಂಗೈಗೆ ಮಡಚಿ ಬಿಗಿದುಹೋಗಿದ್ದವು.

"ಅಯ್ಯೋ, ಊಟ ಆಯ್ತದೆ ಅಂದ್ರಲ್ಲಮ್ಮ!" ಎಂದು ಅವಳ ಮೇಲೇ ರೇಗಿದೆ.

"ಆಯ್ತಿತ್ತಲ್ಲವ್ವ, ಇವ್ರು ಉಣ್ಣುಸ್ತಿದ್ರು. ನಿನ್ ಕೈಲೇ ಆಯ್ತದಾ ಅಂತ ನೀನೆಲ್ಲಿ ಕೇಳ್ದೆ? ಈ ಮನ್ಸ ಇಷ್ಟೊಂದು ಮಾಡ್ತಾವ್ರೆ, ಆಗಕಿಲ್ಲ ಅಂದ್ರೆ ನಾಲ್ಗೆ ಬಿದ್ದೋಗದಾ?"

ಆಗುತ್ತಾ ಎಂದು ನಾನು ಕೇಳಿದ್ದು ಅವಳ ಕೈಯ ಬಗ್ಗೆ. ಆಯ್ತದೆ ಎಂದು ಅವಳು ಹೇಳಿದ್ದು ಗಂಡನ ಬಗ್ಗೆ.

ಹೊರಗೆ ಜಗಲಿಗೆ ಬಂದು ಚಂದ್ರಕುಮಾರ್‌ಗೆ ವಿಡಿಯೋ ಕಾಲ್ ಮಾಡಿದೆ. ಅವರು ಹೇಳಿದಂತೆ ಒಳಗೆ ಹೋಗಿ ಕೈ ತೋರಿಸಿದೆ. ಮತ್ತೆ ಹೊರಗೆ ಬಂದ ಮೇಲೆ ಅವರು ನಿಧಾನವಾಗಿ ಹೇಳಿದರು: "ಕೀಲು ಗಟ್ಟಿಯಾಗಿಬಿಟ್ಟಿದೆ ಭಾನು. ಬರ್ತೀನಿ, ಆದ್ರೆ ಆ ಕೈ ಇನ್ನು ತುತ್ತು ಎತ್ತಲ್ಲ."

ಒಳಗೆ ಹೋಗಿ ರಾಚಮ್ಮನ ಕಾಲ ಬಳಿ ಕುಸಿದೆ. "ತಪ್ಪು ನಂದು ಕಣಮ್ಮ" ಎಂದು ಬಿಕ್ಕಿಬಿಕ್ಕಿ ಅತ್ತೆ.

"ಅಳ್ಬ್ಯಾಡ ಬುಡವ್ವ. ನೀನೇನ್ ಬೇಕಂತ ಮಾಡ್ದ್ಯಾ?" ಎಂದು ಎಡಗೈಯಲ್ಲಿ ನನ್ನ ತಲೆ ಸವರಿದಳು. ಅದಕ್ಕಿಂತ ಅವಳು ಬೈದಿದ್ದರೇ ಚೆನ್ನಾಗಿತ್ತು.

ಮಾದಣ್ಣ ಒದ್ದೆ ಬಟ್ಟೆ ತಂದು ಅವಳ ಮಡಚಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ ಒರೆಸತೊಡಗಿದ. ಉಗುರು ನಾಟಿ ಅಂಗೈ ಹುಣ್ಣಾಗಿತ್ತು.

"ದಿನಾ ಎಣ್ಣೆ ತಿಕ್ತಾವ್ನಿ. ಮೊದ್ಲಿಗಿಂತ ಒಸಿ ಸಡ್ಲಾಗದೆ ಅಲ್ವಾ? ನೀನೇ ನೋಡೇಳವ್ವ."

ನೋಡಿದೆ.

"ಹೂಂ ಕಣಣ್ಣ, ಸಡ್ಲಾಗದೆ" ಎಂದೆ.