ಗೋಪುರ ಕಂಡಲ್ಲಿ ಆರಿಸಿದ ಇಂಜಿನ್ನು

ನಂಜನಗೂಡಿನ ಶಿವಮೂರ್ತಿಯ ಗ್ಯಾರೇಜಿನಲ್ಲಿ ಆ ಭಾನುವಾರ ಬೆಳಿಗ್ಗೆ ಎರಡು ಇಂಜಿನ್ನುಗಳಿದ್ದವು. ಒಂದು ಹಳೆಯ ಡೀಸೆಲ್ ಇಂಜಿನ್ನು, ಗೋಣಿಚೀಲದ ಮೇಲೆ ಕೂತಿತ್ತು. ಇನ್ನೊಂದು ವಾಣಿಯ ಕೆಂಪು ಕಾರಿನೊಳಗೇ ಇತ್ತು. ಕಾರಿನದನ್ನು ಕಿತ್ತು ಆ ಜಾಗಕ್ಕೆ ಡೀಸೆಲ್ಲನ್ನು ಕೂರಿಸುವುದೆಂದು ಅವಳ ಗಂಡ ಮಹಾದೇವಸ್ವಾಮಿ ಮಾತಾಡಿ ಮುಗಿಸಿದ್ದ.

ವಾಣಿ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತಳು. "ಕೈ ಹಚ್ಚಬೇಡಿ ಶಿವಮೂರ್ತಿ."

"ನಾನೇನ್ ಮಾಡಾನ ಮೇಡಂ? ಸಾ ಏಳವ್ರೆ, ನಾ ಬಿಚ್ತೀನಿ" ಎಂದ ಶಿವಮೂರ್ತಿ, ಬೋಲ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ.

ಅದು ಜಪಾನಿನ ಪುಟ್ಟ ಪೆಟ್ರೋಲ್ ಕಾರು. ಸಿಂಗಪುರದಲ್ಲಿ ದುಡಿದು ಬಂದ ಅವಳ ಸೋದರಮಾವ ಚೆಲುವಯ್ಯ ಹಡಗಿನಲ್ಲಿ ತರಿಸಿಕೊಂಡಿದ್ದ. ಕಣ್ಣು ಮಂಜಾದ ಮೇಲೆ ಅದನ್ನು ವಾಣಿಗೆ ಕೊಟ್ಟು ಹುಲ್ಲಹಳ್ಳಿಯಲ್ಲಿ ನೆಮ್ಮದಿಯಾಗಿ ಕೂತಿದ್ದ. ಇಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆಯೇ ಅದರಲ್ಲೊಂದು ಪುಟ್ಟ ಚಕ್ರವನ್ನು ತಿರುಗಿಸುತ್ತಿತ್ತು. ಆ ಚಕ್ರ ಇಂಜಿನ್ನಿಗೆ ಇನ್ನಷ್ಟು ಗಾಳಿ ಊದುತ್ತಿತ್ತು. ಟರ್ಬೊ ಎಂದರೆ ಅದೇ. ಕಾಲು ಒತ್ತಿದರೆ ಅರೆಗಳಿಗೆ ಯೋಚಿಸಿದಂತೆ ಮಾಡಿ, ಆಮೇಲೆ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಮುಂದಕ್ಕೆ ನುಗ್ಗುತ್ತಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳುವ ವಾಣಿಗೆ ದೇವರ ಧ್ಯಾನ ಬಿಟ್ಟರೆ ಮನಸ್ಸು ಪೂರ್ತಿ ಒಂದೆಡೆ ನಿಲ್ಲುತ್ತಿದ್ದದ್ದು ಆ ನುಗ್ಗಿನಲ್ಲಿ ಮಾತ್ರ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಗಂಡ ಪಕ್ಕದಲ್ಲಿ ಕೂತು ಹೆಂಡತಿ ಓಡಿಸುವುದು ಚೆನ್ನಾಗಿರುವುದಿಲ್ಲವೆಂದು ವರ್ಷದಿಂದ ಸ್ಟಿಯರಿಂಗು ಮಹಾದೇವಸ್ವಾಮಿಯ ಕೈಗೆ ಹೋಗಿತ್ತು. ಅವನ ಗೊಬ್ಬರದಂಗಡಿಯ ಕೆಲಸಕ್ಕೆ ತಿ. ನರಸೀಪುರಕ್ಕೆ ಹೋಗಿ ಬರುವುದು ಅದರಲ್ಲೇ. ಈಗ ಒಂದು ತಿಂಗಳಿಂದ ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ. ಟರ್ಬೊ ಸತ್ತಿತೆಂದು ಶಿವಮೂರ್ತಿ ಹೇಳಿದ್ದ, ಡೀಸೆಲ್ ಹಾಕಿಸಿದರೆ ಬಾಡಿಗೆಗೂ ಬಿಡಬಹುದೆಂದು ಮಹಾದೇವಸ್ವಾಮಿ ಲೆಕ್ಕ ಹಾಕಿದ್ದ.

"ಕೀಳೋಕೆ ಮೊದಲು ಟರ್ಬೊದಿಂದ ಎಣ್ಣೆ ಕೆಳಗಿಳಿಯೋ ಪೈಪು ಬಿಚ್ಚಿ" ಎಂದಳು ವಾಣಿ. "ನಮ್ಮ ಮಾವ ಫೋನಿನಲ್ಲಿ ಹೇಳಿದ್ದಾರೆ."

"ಉಲ್ಲಳ್ಳೀಲಿ ಕೂತ್ಕಂಡು ಒಗೆ ನೋಡ್ಬುಟ್ರಾ ಅವ್ರು?" ಎಂದು ನಗುತ್ತಲೇ ಶಿವಮೂರ್ತಿ ಪೈಪು ಬಿಚ್ಚಿದ. ಒಳಕ್ಕೆ ಪೊರಕೆ ಕಡ್ಡಿ ತೂರಿಸಿದ. ಅರ್ಧಕ್ಕೇ ನಿಂತುಬಿಟ್ಟಿತು. ಈಚೆಗೆಳೆದರೆ ಒಲೆಯ ಮೇಲೆ ಮರೆತ ಬಾಣಲಿಯ ತಳದಂಥ ಕರಿ.

ಅವನ ನಗು ನಿಂತಿತು. ಟರ್ಬೊದ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. "ಇದು ಗಟ್ಟಿಯಾಗೇ ಅದೆ ಕಣ್ರೀ. ಎಣ್ಣೆ ಇಳಿಯಾಕ್ ದಾರಿಯಿಲ್ದೆ ಮೇಕ್ಕೆ ಉಕ್ಕಿ ಸೈಲೆನ್ಸರಿಗೆ ನುಗ್ತಾ ಅದೆ."

"ಅದೇನು ಎಣ್ಣೆ ಹಾಕ್ತಿದ್ರಿ?"

"ಟ್ರ್ಯಾಕ್ಟರಿಗೆ ಆಕೋದು. ಎಣ್ಣೆ ಎಲ್ಲಾ ಒಂದೇ ಅಲ್ವಾ ಮೇಡಂ?"

"ಹಾಗಾದ್ರೆ ನಾಳೆಯಿಂದ ತಲೆಗೂ ಅದನ್ನೇ ಹಚ್ಕೊಳ್ಳಿ."

ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಮಹಾದೇವಸ್ವಾಮಿ ಗೆದ್ದವನಂತೆ ಎದ್ದ. "ನೋಡು, ತಪ್ಪು ಇವನದ್ದು."

"ಅರ್ಧ ಇವರದ್ದು. ಇನ್ನರ್ಧ ನಿಮ್ಮದು ರೀ."

ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಅವಳು ಈಗ ಆಡಬೇಕಾಯಿತು. ನರಸೀಪುರದಿಂದ ಕಾರನ್ನು ಜೋರಾಗಿ ಓಡಿಸಿಕೊಂಡು ಬರುತ್ತಿದ್ದ ಮಹಾದೇವಸ್ವಾಮಿ, ಶ್ರೀಕಂಠೇಶ್ವರನ ಗೋಪುರ ಕಂಡ ತಕ್ಷಣ ಕೀ ತಿರುಗಿಸಿ ಇಂಜಿನ್ನು ಆರಿಸಿಬಿಡುತ್ತಿದ್ದ. ಕಾರು ತಾನಾಗಿ ಉರುಳುತ್ತಾ ಬಂದು ನಿಲ್ಲುವವರೆಗೆ ಕೈಮುಗಿದು ಕೂರುತ್ತಿದ್ದ. ಓಡಿ ಬಂದ ಗಾಡಿಯನ್ನು ನಿಲ್ಲಿಸಿ ಇಂಜಿನ್ನನ್ನು ಒಂದೆರಡು ನಿಮಿಷ ಸುಮ್ಮನೆ ಉರಿಯಲು ಬಿಡಬೇಕು, ಕೆಂಡವಾದ ಚಕ್ರದ ಸುತ್ತ ಎಣ್ಣೆ ಹರಿದಾಡಿ ತಣಿಸಬೇಕು, ತಟ್ಟನೆ ಆರಿಸಿದರೆ ಎಣ್ಣೆ ಅಲ್ಲೇ ಸೀದು ಕರಿಗಟ್ಟುತ್ತದೆ ಎಂದು ಚೆಲುವಯ್ಯ ಹೇಳಿಕೊಟ್ಟಿದ್ದ. ಗಂಡನಿಗೆ ಅದನ್ನು ಹೇಳಿದಾಗ, "ಪೆಟ್ರೋಲೇನು ಕಪಿಲಾ ನದಿ ನೀರಾ?" ಎಂದಿದ್ದ. ಗೋಪುರದ ಎದುರು ಮಾತ್ರ ಅವಳೂ ಬಾಯಿ ತೆರೆದಿರಲಿಲ್ಲ. ಭಕ್ತಿಯ ಜೊತೆ ವಾದ ಮಾಡುವುದು ಹೇಗೆ?

ಇವತ್ತು ಅದನ್ನೂ ಹೇಳಿದಳು.

"ಅಂದ್ರೆ ನಾನು ದೇವರಿಗೆ ಕೈಮುಗಿದದ್ದೇ ತಪ್ಪಾ?" ಮಹಾದೇವಸ್ವಾಮಿಯ ಮುಖ ಕೆಂಪಾಯಿತು.

"ಕೈಮುಗಿದದ್ದಲ್ಲ. ಕೀ ತಿರುಗಿಸಿದ್ದು."

ಗುಡಿಯಿಂದ ಬಂದು ಅದೇ ಬೆಂಚಿನ ಮೇಲೆ ಕೂತಿದ್ದ ಅತ್ತೆ ಸಣ್ಣತಾಯಮ್ಮ ಸೆರಗು ಸರಿಮಾಡಿಕೊಂಡರು. "ದೇವ್ರ ಎದುರ್ಗೆ ಗುರ್ರ್ ಅಂತ ಇಂಜಿನ್ ಬುಟ್ಕಂಡ್ ಕೂರಾದು ಯಾವ ಸೀಮೆ ಭಕ್ತಿಯವ್ವ? ಎಂಗಸ್ರಿಗೆ ಆ ಪಾಟಿ ಓಟಾನಾರೂ ಯಾಕೆ?"

"ಅತ್ತೆ, ಆ ತಂದೆ ನಂಜು ಕುಡಿದವನು. ದಿನಾ ತಲೆ ಮೇಲೆ ನೀರು ಬೀಳ್ತಾನೇ ಇರುತ್ತೆ. ಉರಿ ಇಳಿಯೋಕೆ ಮುಂಚೆ ಸಾಕು ನಿಲ್ಲಿಸಿ ಅಂತ ಯಾರಾದ್ರೂ ಅಂದಿದ್ದಾರಾ? ಇದರೊಳಗೂ ಉರಿ ಇದೆ, ಎಣ್ಣೆ ಹರಿಯೋವರೆಗೆ ಬಿಡಿ ಅಂತೀನಿ. ಇನ್ನು ಓಟ ಯಾಕೆ ಅಂದ್ರಿ. ನನಗೆ ಇಷ್ಟ, ಅದಕ್ಕೆ."

ಸಣ್ಣತಾಯಮ್ಮ ಮುಖ ಆಚೆ ತಿರುಗಿಸಿದರು. ಆದರೆ ಎದ್ದು ಮನೆಗೆ ಹೊರಡಲಿಲ್ಲ.

ಪೈಪು ತೊಳೆದು, ಎಣ್ಣೆ, ಫಿಲ್ಟರು ಎರಡನ್ನೂ ಬದಲಾಯಿಸಿ, ಚೆಲುವಯ್ಯ ಹೇಳಿದ ತೆಳ್ಳನೆಯ ಎಣ್ಣೆ ಹಾಕುವಷ್ಟರಲ್ಲಿ ಬಿಸಿಲು ಏರಿತ್ತು. "ನರಸೀಪುರಕ್ಕೆ ಹೋಗಿ ಬರೋಣ" ಎಂದ ಮಹಾದೇವಸ್ವಾಮಿ. "ಹೊಗೆ ನಿಂತ್ರೆ ಈ ಇಂಜಿನ್ನು. ನಿಲ್ಲದಿದ್ರೆ ಡೀಸೆಲ್ಲು." ವಾಣಿ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಹೋಗಿ ಸ್ಟಿಯರಿಂಗಿನ ಮುಂದೆ ಕೂತಳು.

ಊರು ದಾಟುವಾಗ ಹಿಂದೆ ಏನೂ ಕಾಣದಷ್ಟು ಹೊಗೆ. ಟೀ ಅಂಗಡಿಯವನೊಬ್ಬ, "ಸೊಳ್ಳೆ ಒಡ್ಯೋ ಗಾಡಿ ಬಂತು ಕಣ್ರಲಾ, ಲೋಟ ಮುಚ್ರಲಾ!" ಎಂದು ಕೂಗಿದ. ಮಹಾದೇವಸ್ವಾಮಿ ತಲೆ ತಗ್ಗಿಸಿ, "ತಿರುಗಿಸು, ಮಾನ ಹೋಗ್ತಿದೆ" ಎಂದ.

"ಸೈಲೆನ್ಸರಿನಲ್ಲಿ ನಿಂತ ಹಳೇ ಎಣ್ಣೆ ಉರಿದು ಹೋಗಬೇಕು. ಮಾನ ಆಮೇಲೆ ನೋಡೋಣ."

ಕಬ್ಬಿನ ಗದ್ದೆಗಳು ಹಿಂದೆ ಸರಿದವು. ನರಸೀಪುರ ಬರುವ ಹೊತ್ತಿಗೆ ಹೊಗೆ ತೆಳುವಾಗಿತ್ತು. ಹಿಂತಿರುಗುವಾಗ ದಾರಿ ತೆರವಿತ್ತು. ವಾಣಿ ಕಾಲು ಒತ್ತಿದಳು. ಕಾರು ಆ ಅರೆಗಳಿಗೆ ಯೋಚಿಸಿ, ನುಗ್ಗಿತು. ಮಹಾದೇವಸ್ವಾಮಿ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಪಂಚಾಕ್ಷರಿ ಶುರು ಮಾಡಿದ. ವಾಣಿಯ ಮನಸ್ಸಿನಲ್ಲೂ ಅದೇ ಮಂತ್ರ ನಡೆದಿತ್ತು, ಅವಳದ್ದು ಭಯದಿಂದಲ್ಲ. ಕನ್ನಡಿಯಲ್ಲಿ ಬರೀ ರಸ್ತೆ ಕಾಣುತ್ತಿತ್ತು.

ಗೋಪುರ ಕಂಡಿತು. ಅಭ್ಯಾಸಬಲದಿಂದ ಅವನ ಕೈ ಕೀಲಿಯತ್ತ ಚಾಚಿತು. ವಾಣಿ ಆ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ಅವನ ತೊಡೆಯ ಮೇಲೆ ಇಟ್ಟಳು. "ನೀವು ಕೈಮುಗೀರಿ. ಅದು ಉರೀಲಿ."

ಅವನು ಗೊಣಗುತ್ತಲೇ ಕೈಮುಗಿದ. ಕಾರು ನಿಧಾನವಾಗಿ ನಡೆಯಿತು. ಗ್ಯಾರೇಜಿನ ಮುಂದೆ ಬಂದು ನಿಂತ ಮೇಲೂ ಅವಳು ಕಣ್ಣು ಮುಚ್ಚಿ, ಉಸಿರು ಇಳಿಯುವಷ್ಟು ಹೊತ್ತು ಇಂಜಿನ್ನಿನ ಸದ್ದು ಕೇಳುತ್ತಾ ಕೂತಿದ್ದು, ಆಮೇಲೆ ಆರಿಸಿದಳು.

"ಈಗ ಇನ್ನೊಂದು ಸಲ ಸ್ಟಾರ್ಟ್ ಮಾಡಿ ಮೇಡಂ" ಎಂದ ಶಿವಮೂರ್ತಿ.

ಮಾಡಿದಳು. ಕೊಳವೆಯಿಂದ ಊದುಬತ್ತಿಯ ಎಳೆಯಷ್ಟು ನೀಲಿ ಹೊಗೆ ಎದ್ದು ಕರಗಿತು.

"ಇನ್ನೂ ಬರ್ತಾ ಇದೆ!" ಮಹಾದೇವಸ್ವಾಮಿ ಕೈ ತಟ್ಟಿದ. "ಹೊಗೆ ನಿಂತ್ರೆ ಅಂತ ಮಾತಾಗಿತ್ತು. ನಿಂತಿಲ್ಲ. ಬಿಚ್ಚಯ್ಯ ಶಿವಮೂರ್ತಿ."

"ನಿಂತಿಲ್ಲ, ಹೌದು" ಎಂದಳು ವಾಣಿ. "ಒಳಗೆ ಸ್ವಲ್ಪ ಸವೆದಿರಬಹುದು. ಆದ್ರೂ ಕೊಡಲ್ಲ. ಆ ಮಾತು ಆಡಿದ್ದು ನೀವು, ಒಪ್ಪಿಕೊಂಡೋಳು ನಾನಲ್ಲ."

"ಮತ್ತೆ ಎಣ್ಣೆ ಕುಡಿಯುತ್ತಲ್ಲ?"

"ಕುಡೀಲಿ. ವಾರಕ್ಕೊಮ್ಮೆ ಎಣ್ಣೆ ಅಳೆಯೋ ಕಡ್ಡಿ ಎಳೆದು ನೋಡಿ ನಾನೇ ಹಾಕ್ತೀನಿ. ನಾಳೆಯಿಂದ ಸ್ಕೂಲಿಗೂ ಇದರಲ್ಲೇ ಹೋಗ್ತೀನಿ. ನಿಮಗೆ ಓಡಿಸಬೇಕು ಅನ್ನಿಸಿದ್ರೆ ಮೊದಲು ನಿಲ್ಲಿಸೋದು ಕಲೀರಿ, ಕಲಿಸ್ತೀನಿ."

ಶಿವಮೂರ್ತಿ ಇನ್ನೊಂದು ಗೋಣಿಚೀಲವನ್ನು ಎಳೆದು ಡೀಸೆಲ್ ಇಂಜಿನ್ನಿನ ಮೇಲೆ ಹೊದಿಸಿದ. ಸಣ್ಣತಾಯಮ್ಮ ಬೆಂಚಿನಿಂದ ಎದ್ದು, ಯಾರ ಮುಖವನ್ನೂ ನೋಡದೆ, ಮುಂದಿನ ಬಾಗಿಲು ತೆಗೆದು ವಾಣಿಯ ಪಕ್ಕದಲ್ಲಿ ಕೂತರು.

"ನೀನು ಇಂದ್ಗಡೆ ಸೀಟ್ಗೆ ಅತ್ಕಳ್ಲಾ" ಎಂದರು ಮಗನಿಗೆ.